ಮುಚ್ಚಳದೊಳಗಿನ ಚುಕ್ಕಿ

ನಮ್ಮ ಊರಿನಲ್ಲಿ ಮನೆ ಕಟ್ಟುವವರು ಪಾಯ ತೋಡುವ ಮೊದಲು ಆಕಾಶದಲ್ಲಿ ಒಂದು ಚುಕ್ಕಿ ಗೊತ್ತು ಮಾಡಿಕೊಳ್ಳುತ್ತಿದ್ದರು. ಒಂದು ಮನೆಗೆ ಒಂದು ಚುಕ್ಕಿ. ಮನೆ ಎದ್ದ ಮೇಲೆ ಅದರ ಸಂಖ್ಯೆಯನ್ನು ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಆ ಚುಕ್ಕಿ ಉರಿಯುವವರೆಗೆ ಮನೆ ಅವರದು. ಅದು ಆರಿದರೆ ಮೂರು ದಿನದೊಳಗೆ ಸಾಮಾನು ಕಟ್ಟಿಕೊಂಡು ಊರಿನ ದಕ್ಷಿಣಕ್ಕಿರುವ ಇಳಿಜಾರಿನ ದಾರಿ ಹಿಡಿಯಬೇಕು. ಆ ದಾರಿಯಲ್ಲಿ ಇಳಿದವರು ಯಾರೂ ತಿರುಗಿ ಬಂದದ್ದಿಲ್ಲ, ಕಾಗದ ಬರೆದದ್ದೂ ಇಲ್ಲ. ಚುಕ್ಕಿ ಆರಿದ ಮನೆಯಲ್ಲಿ ಹಾಲು ಹೆಪ್ಪುಗಟ್ಟುವುದಿಲ್ಲ, ಮಲಗಿದವರಿಗೆ ನಿದ್ದೆ ಹತ್ತುವುದಿಲ್ಲ, ಹುಟ್ಟಿದ ಕೂಸು ಉಳಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಇದ್ದು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಹಿಂದೆ ಕಣ್ಣು ಚುರುಕಾಗಿದ್ದ ಒಬ್ಬಿಬ್ಬರು ಅಮಾವಾಸ್ಯೆಯ ದಿನ ಆಕಾಶ ನೋಡಿ, ಇಂಥ ಮನೆಯದು ಇದೆ, ಇಂಥ ಮನೆಯದು ಇಲ್ಲ ಎಂದು ಹೇಳುತ್ತಿದ್ದರಂತೆ. ಮಸುಕು ಚುಕ್ಕಿಯವರ ಪಾಡು ಕಷ್ಟ. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದೆ ಜಗಳವಾಗಿ ತಲೆ ಒಡೆದುಕೊಂಡದ್ದೂ ಉಂಟು. ಅದಕ್ಕೇ ಊರಿನ ಪಂಚರು ಕೂಡಿ ಕ್ಯಾಮೆರಾ ತರಿಸಿದರು. ಕಣ್ಣು ಪಕ್ಷಪಾತ ಮಾಡೀತು, ಯಂತ್ರ ಮಾಡುವುದಿಲ್ಲ ಎಂಬುದು ಅವರ ಲೆಕ್ಕ. ಮೂರು ಅಮಾವಾಸ್ಯೆಯ ಚಿತ್ರಗಳಲ್ಲಿ ಸಾಲಾಗಿ ಚುಕ್ಕಿ ಕಾಣದಿದ್ದರೆ ಮನೆ ಬಿಡಬೇಕು ಎಂದು ನಿಯಮವಾಯಿತು. ಮೋಡ ಕವಿದ ತಿಂಗಳನ್ನು ಎಣಿಸುವಂತಿಲ್ಲ.

ಆ ಕ್ಯಾಮೆರಾ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಹೆಸರು ನೀಲಗಂಗಾ. ಅಪ್ಪನ ಕಾಲದಿಂದ ನಮ್ಮದು ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಸತ್ತವರ ದೊಡ್ಡ ಫೋಟೋಕ್ಕೆ ಚೌಕಟ್ಟು, ಇವೇ ನಮ್ಮ ಉದ್ಯೋಗ. ಆಕಾಶದ ಕೆಲಸ ಹಿಡಿದ ಮೇಲೆ ಮದುವೆಗೆ ಕರೆಯುವವರು ಕಡಿಮೆಯಾದರು. ನನ್ನ ಬೆರಳಿನಿಂದ ಯಾರದೋ ಮನೆ ಖಾಲಿಯಾಗಿರುತ್ತಿತ್ತು. ಅಂಥ ಬೆರಳು ಮದುಮಗಳ ಗದ್ದ ಎತ್ತಿ ಬೆಳಕಿಗೆ ತಿರುಗಿಸುವುದು ಯಾರಿಗೆ ಇಷ್ಟವಾದೀತು? ನಾನೂ ಬೇಸರ ಮಾಡಿಕೊಳ್ಳಲಿಲ್ಲ.

ಚುಕ್ಕಿಯ ಚಿತ್ರ ತೆಗೆಯುವುದರಲ್ಲಿ ಕಷ್ಟದ ಕೆಲಸ ಚಿತ್ರವಲ್ಲ, ಕರೆಂಟು. ಮದುವೆ ಮನೆಯಲ್ಲಿ ಇಡೀ ದಿನ ಬರುತ್ತಿದ್ದ ಬ್ಯಾಟರಿ, ಹತ್ತಿ ಬಿಡಿಸುವ ಹಳೆಯ ಜಿನ್ನಿಂಗ್ ಫ್ಯಾಕ್ಟರಿಯ ಮಾಳಿಗೆಯ ಮೇಲೆ, ಚಳಿಗಾಳಿಯಲ್ಲಿ ಶಟರ್ ತೆರೆದೇ ಇಟ್ಟಾಗ ಮುಕ್ಕಾಲು ತಾಸಿಗೆ ಜೀವ ಬಿಡುತ್ತಿತ್ತು. ಬದಲಿಸಲು ಹೋದರೆ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿ ಆವತ್ತಿನ ಕೆಲಸವೆಲ್ಲ ಕೆಡುತ್ತಿತ್ತು. ಎರಡು ಚಳಿಗಾಲ ಹೀಗೇ ಪರದಾಡಿದ ಮೇಲೆ ನಾನೊಂದು ಉಪಾಯ ಮಾಡಿದೆ. ಸತ್ತ ಬ್ಯಾಟರಿಯೊಂದರ ಹೊಟ್ಟೆ ಬಗೆದು ತೆಗೆದು, ಬರೀ ಡಬ್ಬಿ ಉಳಿಸಿಕೊಂಡು, ಅದರ ಹಿತ್ತಾಳೆಯ ತುದಿಗಳಿಗೆ ಒಳಗಿನಿಂದ ವೈರು ಬೆಸೆದೆ. ಆ ಪೊಳ್ಳು ಬ್ಯಾಟರಿಯನ್ನು ಕ್ಯಾಮೆರಾದ ಹೊಟ್ಟೆಗೆ ಹಾಕಿ, ವೈರನ್ನು ಕೆಳಗೆ ಇಳಿಬಿಟ್ಟು, ಪಂಚರ ಯಜಮಾನರಾದ ಅಡವಯ್ಯನವರ ಟ್ರಾಕ್ಟರಿನ ಬ್ಯಾಟರಿಗೆ ಸೇರಿಸಿದೆ. ಟ್ರಾಕ್ಟರಿನದು ಹನ್ನೆರಡು ವೋಲ್ಟು, ಕ್ಯಾಮೆರಾಕ್ಕೆ ಬೇಕಾದದ್ದು ಎಂಟಕ್ಕೂ ಕಡಿಮೆ. ನಡುವೆ ಅದನ್ನು ಇಳಿಸುವ ಅಂಗೈಯಷ್ಟು ಡಬ್ಬಿ. ಮೊದಲ ಸಲ ಪ್ಲಸ್ಸು ಮೈನಸ್ಸು ತಿರುವುಮುರುವಾಗಿ ಆ ಡಬ್ಬಿ ಸುಟ್ಟು ನಾರಿತು. ಎರಡನೆಯ ಸಲ ಸಣ್ಣ ವೈರು ಉದ್ದಕ್ಕೆ ಎಳೆದದ್ದರಿಂದ ದಾರಿಯಲ್ಲೇ ಕರೆಂಟು ಸೋರಿ ಕ್ಯಾಮೆರಾ ನಡುವೆಯೇ ಕಣ್ಣು ಮುಚ್ಚಿತು. ದಪ್ಪ ವೈರು ಹಾಕಿ, ಅದು ಜಗ್ಗದಂತೆ ಸ್ಟ್ಯಾಂಡಿನ ಕಾಲಿಗೆ ಸುತ್ತಿ ಕಟ್ಟಿದ ಮೇಲೆ ಸರಿಹೋಯಿತು.

ಉಳಿದದ್ದೆಲ್ಲ ಟೈಮರಿನ ಕೆಲಸ. ಮೊದಲು ಎರಡು ನಿಮಿಷ ಸುಮ್ಮನಿರು, ನಾನು ಇಳಿದುಹೋಗುವ ಹೆಜ್ಜೆಯ ಅದುರು ನಿಲ್ಲಲಿ. ಆಮೇಲೆ ಆರು ನಿಮಿಷ ಕಣ್ಣು ತೆರೆ, ಹತ್ತು ಸೆಕೆಂಡು ಮುಚ್ಚು, ಮತ್ತೆ ಆರು ನಿಮಿಷ. ಹೀಗೆ ಇಪ್ಪತ್ತು ಸಲ. ಕ್ಯಾಮೆರಾದ ಕೆಳಗಿನ ಮೋಟಾರು ಆಕಾಶ ತಿರುಗಿದಂತೆ ಅದನ್ನು ತಿರುಗಿಸುತ್ತಿತ್ತು. ಮೋಟಾರಿನ ಚಕ್ರದ ಮೇಲೆ ತಿಂಗಳಿಗೊಂದು ಗೆರೆ ಕೊರೆದಿದ್ದೆ. ಆ ಗೆರೆಗೆ ನಿಲ್ಲಿಸಿದರೆ ಹೋದ ತಿಂಗಳ ಚಿತ್ರದ ಮೇಲೆ ಈ ತಿಂಗಳಿನದನ್ನು ಇಟ್ಟು ನೋಡಬಹುದಿತ್ತು, ಚುಕ್ಕಿಯ ಮೇಲೆ ಚುಕ್ಕಿ ಕೂಡುತ್ತಿತ್ತು. ಲೆನ್ಸಿಗೆ ಇಬ್ಬನಿ ಕೂರದಂತೆ ಅದರ ಕೊರಳಿಗೆ ಬಿಸಿ ತಂತಿಯ ಪಟ್ಟಿ ಕಟ್ಟಿದ್ದೆ. ಟ್ರಾಕ್ಟರ್ ಬ್ಯಾಟರಿಯನ್ನು ಹೆಚ್ಚು ತಿನ್ನುತ್ತಿದ್ದುದು ಆ ಪಟ್ಟಿಯೇ. ಎರಡೂ ಸಾಗಬೇಕಲ್ಲ ಎಂದು ಕ್ಯಾಮೆರಾದ ಒಂದು ರೂಢಿಯನ್ನು ನಿಲ್ಲಿಸಿಬಿಟ್ಟೆ. ಪ್ರತಿ ಚಿತ್ರ ತೆಗೆದ ಮೇಲೆ ಅದು ತನ್ನಷ್ಟಕ್ಕೆ ಕಣ್ಣು ಮುಚ್ಚಿಕೊಂಡು, ಅಷ್ಟೇ ಹೊತ್ತು ಇನ್ನೊಂದು ಕತ್ತಲೆಯ ಚಿತ್ರ ತೆಗೆಯುತ್ತಿತ್ತು. ಹೊತ್ತು ದಂಡ, ಬ್ಯಾಟರಿ ದಂಡ ಎನ್ನಿಸಿತು. ನಿಲ್ಲಿಸಿದ ಮೇಲೆ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಆ ಬಿಸಿ ಪಟ್ಟಿಗೆ ಹತ್ತಿಯ ಹೊದಿಕೆ ಹೊಲಿದುಕೊಟ್ಟವಳು ದಾವಲಬಿ. ಬಾಗಿಲ ಮೇಲೆ ಇನ್ನೂರ ಹನ್ನೆರಡು ಎಂದು ಕೆತ್ತಿದ್ದ ಮನೆ ಅವಳದು. ಹತ್ತಿ ಹಿಂಜಿ ಗಾದಿ ಮಾಡುವ ಮನೆತನ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಕೆಲಸ ನಡೆಸಿ ಮಗಳು ರೇಷ್ಮಾಳ ಮದುವೆ ಮಾಡಿದ್ದಳು. ಅಳಿಯನೂ ಇಲ್ಲೇ ಬಂದು ಗಾದಿ ಹೊಲಿಯಲು ಕೂತಿದ್ದ. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ದಾವಲಕ್ಕ ಅನ್ನುತ್ತಿದ್ದೆ. ಊರಿನಲ್ಲಿ ನನ್ನ ಮನೆಗೆ ಕಾರಣವಿಲ್ಲದೆ ಬರುತ್ತಿದ್ದವಳು ಅವಳೊಬ್ಬಳೇ. ತಲೆಗೂದಲಿಗೆ ಹತ್ತಿಯ ನೂಲು ಅಂಟಿಸಿಕೊಂಡೇ ಬಂದು, ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, "ನಿನ್ನ ಆಕಾಶ ಏನ ಅಂತೈತಿ?" ಎಂದು ಕೇಳುತ್ತಿದ್ದಳು. ತನ್ನ ಚುಕ್ಕಿಯ ಸುದ್ದಿ ಮಾತ್ರ ಒಮ್ಮೆಯೂ ಕೇಳಿದವಳಲ್ಲ.

ಅದು ಮಸುಕಾದ ಚುಕ್ಕಿಯಾಗಿತ್ತು. ಪೊಳ್ಳು ಬ್ಯಾಟರಿ ಹಾಕಿ ಮೊದಲ ಚಿತ್ರ ತೆಗೆದ ತಿಂಗಳು, ಕಂಪ್ಯೂಟರಿನಲ್ಲಿ ಇನ್ನೂರ ಹನ್ನೆರಡರ ಜಾಗ ಹುಡುಕಿದೆ. ಏನೂ ಕಾಣಲಿಲ್ಲ. ದೊಡ್ಡದು ಮಾಡಿ ನೋಡಿದೆ. ಒಂದು ಚುಕ್ಕಿ ಇತ್ತು, ಮುಂಚಿನ ಜಾಗದಿಂದ ತುಸು ಪಕ್ಕಕ್ಕೆ, ಸೂಜಿಯ ಮೊನೆಯಷ್ಟು. ಮೋಟಾರು ಎಳೆದಾಡಿರಬೇಕು, ಅದಕ್ಕೇ ಸರಿದಿದೆ ಎಂದುಕೊಂಡೆ. ಬೇರೆಯವರ ಚುಕ್ಕಿಯಾಗಿದ್ದರೆ ಇನ್ನೂ ಎರಡು ಸಲ ನೋಡುತ್ತಿದ್ದೆನೇನೋ. ಅವಳದಾದ್ದರಿಂದ ಇದೆ ಎಂದು ಬರೆದು ಮೇಲೆದ್ದೆ. ಆಮೇಲೆ ಪ್ರತಿ ತಿಂಗಳೂ ಅದು ಅಲ್ಲೇ ಇರುತ್ತಿತ್ತು, ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಹೆಚ್ಚು ಹೊಳೆಯುತ್ತಿತ್ತು. ಆ ವರ್ಷವೇ ರೇಷ್ಮಾಳಿಗೆ ಹೆಣ್ಣು ಕೂಸು ಹುಟ್ಟಿತು.

ಹಾಗೆಂದು ಬೇರೆ ಮನೆಗಳ ಚುಕ್ಕಿ ಉಳಿದವೆಂದಲ್ಲ. ನಾನು ಕ್ಯಾಮೆರಾ ಹಿಡಿದ ಮೇಲೆ ಮೂವತ್ತೊಂದು ಮನೆಗಳು ಖಾಲಿಯಾಗಿದ್ದವು. ಮೂರನೆಯ ಚಿತ್ರದಲ್ಲೂ ಕಾಣದಿದ್ದಾಗ ನಾನೇ ಹೋಗಿ ಹೇಳಬೇಕಿತ್ತು. ಬಾಗಿಲು ತೆರೆದವರು ನನ್ನ ಮುಖ ನೋಡಿದ ಕೂಡಲೇ ತಿಳಿದುಕೊಳ್ಳುತ್ತಿದ್ದರು. ಕೆಲವರು ಒಳಗೆ ಕರೆದು ಚಹಾ ಕೊಟ್ಟಿದ್ದಾರೆ. ಒಬ್ಬಾಕೆ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಇದನ್ನು ಇನ್ನು ಹೆಪ್ಪು ಹಾಕೋದು ಬ್ಯಾಡಲ್ಲ ಎಂದು ನನ್ನನ್ನೇ ಕೇಳಿದ್ದಳು.

ಹೋದ ವರ್ಷ ಮಾಘದಲ್ಲಿ ಎಂಬತ್ತೆಂಟನೆಯ ಮನೆಯ ಚುಕ್ಕಿ ಎರಡನೆಯ ಸಲ ಕಾಣಲಿಲ್ಲ. ಅದು ಕ್ಷೌರದ ಸಂಕಣ್ಣನ ಮನೆ. ಅವನ ಹೆಂಡತಿ ತಿಪ್ಪವ್ವ ಟೊಂಕದ ಎಲುಬು ಮುರಿದು ಹಾಸಿಗೆಯಲ್ಲಿದ್ದಳು. ಹೊರಳಿಸಿದರೂ ಚೀರುವವಳನ್ನು ಆ ಕಲ್ಲಿನ ಇಳಿಜಾರಿನಲ್ಲಿ ಹೇಗೆ ಇಳಿಸುವುದು? ಇನ್ನೊಂದು ಅಮಾವಾಸ್ಯೆ ಉಳಿದಿತ್ತು ಅಷ್ಟೇ.

ಅದೇ ಮಾಘದ ಅಮಾವಾಸ್ಯೆಗೆ ಮುಂಚೆ ಗಾಳಿಗೆ ಸ್ಟ್ಯಾಂಡು ಮಗುಚಿ, ಕ್ಯಾಮೆರಾ ಕೂರಿಸುವ ತಗಡು ಬಿರಿದಿತ್ತು. ಹೊಸ ತಗಡು ಕೊಯ್ಯಿಸಿ ಹಾಕಿದ್ದೆ. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿ, ಹಿಂದಿನ ತಿಂಗಳಿನದರ ಮೇಲೆ ಇಟ್ಟಾಗ ಚುಕ್ಕಿಗಳು ಕೂಡಲಿಲ್ಲ. ಹೊಸ ತಗಡು ತುಸು ಓರೆಯಾಗಿದ್ದರಿಂದ ಇಡೀ ಆಕಾಶ ಹೆಬ್ಬೆರಳಿನಷ್ಟು ಎಡಕ್ಕೆ ಸರಿದಿತ್ತು. ಅದೇನೂ ದೊಡ್ಡ ತೊಂದರೆಯಲ್ಲ, ಎಲ್ಲವನ್ನೂ ಒಟ್ಟಿಗೆ ಬಲಕ್ಕೆ ಎಳೆದರಾಯಿತು. ಎಳೆದೆ. ಎಲ್ಲ ಕೂಡಿದವು. ಇನ್ನೂರ ಹನ್ನೆರಡು ಕೂಡಲಿಲ್ಲ. ಆಕಾಶವೆಲ್ಲ ಸರಿದರೂ ಆ ಒಂದು ಚುಕ್ಕಿ ಮಾತ್ರ ಇದ್ದಲ್ಲೇ ಇತ್ತು.

ಎರಡೂ ಚಿತ್ರಗಳನ್ನು ಮತ್ತೊಮ್ಮೆ ಒಂದರ ಮೇಲೊಂದು ಇಟ್ಟು ನೋಡಿದೆ. ಆಮೇಲೆ ಎದ್ದು ಕ್ಯಾಮೆರಾ ತಂದು, ಲೆನ್ಸಿಗೆ ಮುಚ್ಚಳ ಹಾಕಿದೆ. ಅದನ್ನು ದಾವಲಕ್ಕ ಕೊಟ್ಟ ಗಾದಿಯಲ್ಲಿ ಸುತ್ತಿ, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ವೈರು ಮಾತ್ರ ಹೊರಗೆ ಬಿಟ್ಟು ಪೆಟ್ಟಿಗೆ ಮುಚ್ಚಿದೆ. ಟೈಮರಿಗೆ ಆರು ನಿಮಿಷ ಕೊಟ್ಟೆ. ಹೊರಗೆ ಹನ್ನೊಂದು ಗಂಟೆಯ ಬಿಸಿಲು. ಯಾರೋ ಜೋಳ ಒಣಹಾಕುತ್ತಿದ್ದರು. ಒಂದಾದ ಮೇಲೊಂದು ಐದು ಚಿತ್ರ ತೆಗೆದು ತೆರೆದು ನೋಡಿದೆ. ಕಪ್ಪು, ಬರೀ ಕಪ್ಪು. ಆ ಕಪ್ಪಿನ ನಡುವೆ, ಸರಿಯಾಗಿ ಅದೇ ಜಾಗದಲ್ಲಿ, ಇನ್ನೂರ ಹನ್ನೆರಡನೆಯ ಮನೆಯ ಚುಕ್ಕಿ ಹೊಳೆಯುತ್ತಿತ್ತು.

ಅದು ಚುಕ್ಕಿಯಲ್ಲ. ಬಹಳ ಹೊತ್ತು ಕಣ್ಣು ತೆರೆದು ಕ್ಯಾಮೆರಾದ ಮೈ ಬಿಸಿಯಾದಾಗ ಅದರೊಳಗಿನ ಒಂದು ಬಿಂದು ಬೆಳಕಿಲ್ಲದೆಯೂ ತಾನಾಗಿ ಬೆಳಗುತ್ತಿತ್ತು. ಅಂಥ ಸುಳ್ಳು ಬಿಂದುಗಳನ್ನು ಹುಡುಕಿ ಅಳಿಸುವುದಕ್ಕೆಂದೇ ಕ್ಯಾಮೆರಾ ಆ ಕತ್ತಲೆಯ ಚಿತ್ರ ತೆಗೆಯುತ್ತಿತ್ತು, ನಾನು ದಂಡವೆಂದು ನಿಲ್ಲಿಸಿದ ಚಿತ್ರ. ದಾವಲಕ್ಕನ ನಿಜವಾದ ಚುಕ್ಕಿ ಆರಿ ಹನ್ನೊಂದು ತಿಂಗಳಾಗಿತ್ತು.

ಮೊದಲು ನನಗೆ ಬಂದದ್ದು ಭಯ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಅದು ಭಯಕ್ಕಿಂತ ಕೆಟ್ಟದ್ದು. ಚುಕ್ಕಿ ಆರಿದ ಮನೆಯಲ್ಲಿ ಹನ್ನೊಂದು ತಿಂಗಳು ಐದಾರು ಜನರಲ್ಲ, ಊರಿನ ಅರ್ಧ ಜನ ಗಾದಿ ಹೊಲಿಸಲು ಹೋಗಿ ಬಂದಿದ್ದರು. ಕೂಸು ಹುಟ್ಟಿ ಅಂಬೆಗಾಲಿಡುತ್ತಿತ್ತು. ನಾನೇ ಆ ಮನೆಯಲ್ಲಿ ಮೊಸರನ್ನ ಉಂಡು, ಹತ್ತಿಯ ರಾಶಿಗೆ ಒರಗಿ ಮಧ್ಯಾಹ್ನ ನಿದ್ದೆ ಮಾಡಿದ್ದೆ. ಏನೂ ಆಗಿರಲಿಲ್ಲ. ಹಾಗಾದರೆ ಆ ಮೂವತ್ತೊಂದು ಮನೆಯವರಿಗೂ ಏನೂ ಆಗುತ್ತಿರಲಿಲ್ಲ.

ಸಂಜೆಯ ತನಕ ಕಾದು ದಾವಲಕ್ಕನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಗಾದಿಯ ಮೂಲೆ ಹೊಲಿಯುತ್ತಿದ್ದಳು.

"ದಾವಲಕ್ಕ, ನಿನ್ನ ಚುಕ್ಕಿ ಆರೇತಿ" ಎಂದೆ. ಸುತ್ತಿ ಬಳಸಿ ಹೇಳಲು ನನಗೆ ಬರಲಿಲ್ಲ.

ಸೂಜಿ ನಿಂತಿತು. "ಯಾವಾಗ?"

"ಹನ್ನೊಂದು ತಿಂಗಳಾತು."

ಅವಳು ನನ್ನನ್ನೇ ದಿಟ್ಟಿಸಿ ನೋಡಿ ನಕ್ಕುಬಿಟ್ಟಳು. "ಹುಚ್ಚಿ, ಹನ್ನೊಂದು ತಿಂಗಳ ಹಿಂದ ಆರಿದ್ರ ಈ ಕೂಸು ಎಲ್ಲಿಂದ ಬಂತ?"

ನಾನು ಚಿತ್ರ ತೋರಿಸಿದೆ, ಮುಚ್ಚಳ ಹಾಕಿ ತೆಗೆದದ್ದನ್ನೂ ತೋರಿಸಿದೆ. ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡಳು. ಒಳಗೆ ರೇಷ್ಮಾ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಸದ್ದು, ಕೂಸು ಕಿಲಕಿಲ ಎನ್ನುತ್ತಿದ್ದ ಸದ್ದು ಬರುತ್ತಿತ್ತು.

"ನಾ ಯಾರಿಗೂ ಹೇಳೂದಿಲ್ಲ" ಎಂದೆ. "ತಗಡು ಮದಲಿನಂಗ ಕೂಡಸ್ತೇನಿ. ಆ ಬಿಂದು ಹಂಗ ಇರ್ತೈತಿ. ನೀ ಇರೂತನಕ ನಡೀತೈತಿ."

"ಸಂಕಣ್ಣಂದು?"

ನಾನು ಚಿತ್ರಗಳನ್ನು ಮಡಚತೊಡಗಿದೆ.

"ತಿಪ್ಪವ್ವನ್ನ ಹೊರಸಿನ ಮ್ಯಾಲೆ ಹೊತಗೊಂಡು ಇಳಸ್ತಾರೇನ? ಅರ್ಧ ದಾರಿಗೇ ಸಾಯ್ತಾಳ." ಅವಳು ಸೂಜಿಯನ್ನು ಗಾದಿಗೆ ಚುಚ್ಚಿಟ್ಟಳು. "ನಾಳಿ ಅಡವಯ್ಯನೋರ ಕಡೆ ಹೋಗೂಣು. ಚುಕ್ಕಿ ಆರಿದ ಮನ್ಯಾಗ ಏನೂ ಆಗೂದಿಲ್ಲ ಅಂತ ನಾನ ಹೇಳ್ತೇನಿ. ನನಗಿಂತ ಸಾಕ್ಷಿ ಯಾರ ಬೇಕು?"

"ನಿನ್ನ ಹೊರಗ ಹಾಕಿದ್ರ?"

"ಕೂಸಿನ ಮುಖ ನೋಡಿದ ಮ್ಯಾಲೂ ಹಾಕ್ತಾರೇನ? ಅಷ್ಟ ಕೆಟ್ಟ ಮಂದಿ ಏನ ನಾವು?"

ಅವಳ ಆ ನಂಬಿಕೆಗೆ ನಾನು ತಲೆದೂಗಿದೆ. ತಡೆಯಬೇಕಿತ್ತು. ಮೂವತ್ತೊಂದು ಸಲ ಬಾಗಿಲು ಬಡಿದವಳು ನಾನು, ಜನರನ್ನು ಅವಳಿಗಿಂತ ಚೆನ್ನಾಗಿ ಬಲ್ಲವಳು. ಆದರೆ ಯಾರಾದರೂ ಇದನ್ನು ನಿಲ್ಲಿಸಲಿ ಎಂಬ ಆಸೆ ನನಗೂ ಇತ್ತು. ಆ ಯಾರಾದರೂ ನಾನಾಗಿರಬಾರದು, ಅಷ್ಟೇ.

ಅಡವಯ್ಯನವರು ಎಣ್ಣೆಯ ಗಾಣ ನಡೆಸುತ್ತಿದ್ದವರು. ಮೃದು ಮಾತಿನ, ಯಾರ ಮೇಲೂ ಕೂಗಾಡದ ಮನುಷ್ಯ. ನಾವಿಬ್ಬರೂ ಹೋದಾಗ ಹಿಂಡಿಯ ಚೀಲ ಸರಿಸಿ ಕೂರಲು ಜಾಗ ಮಾಡಿಕೊಟ್ಟರು. ಎರಡು ಚಿತ್ರಗಳನ್ನೂ ಕನ್ನಡಕ ಏರಿಸಿ, ಇಳಿಸಿ ನೋಡಿದರು. ನಾನು ಹೇಳಿ ಮುಗಿಸಿದ ಮೇಲೆ ಗಾಣದ ಮೋಟಾರು ಬಂದ್ ಮಾಡಿಸಿದರು.

"ನನ್ನ ತಮ್ಮಂದು ನೂರಾ ನಲವತ್ತನೇ ಮನಿ" ಎಂದರು.

ನನಗೆ ನೆನಪಿತ್ತು. ಆ ಬಾಗಿಲನ್ನೂ ನಾನೇ ಬಡಿದದ್ದು.

"ಹೋಗೂ ಮುಂದ ಅಂವಾ ನನ್ನ ಕೈ ಹಿಡಕೊಂಡು, ಅಣ್ಣಾ, ಇನ್ನೊಂದು ತಿಂಗಳ ನೋಡಬಾರದೇನ ಅಂದ. ಊರಿಗೊಂದು ನ್ಯಾಯ, ನನ್ನ ತಮ್ಮಗೊಂದು ನ್ಯಾಯ ಆಗೂದಿಲ್ಲಪಾ ಅಂದೆ. ಸಣ್ಣ ಹುಡುಗರನ್ನ ಕಟಗೊಂಡು ಹೋದ." ಅವರು ಕನ್ನಡಕ ಒರೆಸಿಕೊಂಡರು. "ಈಗ ನೀ ಬಂದು, ಅಂವಾ ಇದ್ದಿದ್ರೂ ಏನೂ ಆಗ್ತಿದ್ದಿಲ್ಲ ಅಂತ ಹೇಳಾಕತ್ತಿ ಏನವ್ವಾ?"

"ಆಗ್ತಿದ್ದಿಲ್ಲ, ಅಯ್ಯಾರ."

ಅವರು ಚಿತ್ರಗಳನ್ನು ಮಡಚಿ ನನ್ನ ಕೈಗೆ ಕೊಡದೆ, ಪಕ್ಕದಲ್ಲಿದ್ದ ಹಿಂಡಿಯ ಚೀಲದ ಮೇಲಿಟ್ಟರು. "ನಾಳಿ ಮಂದೀನ ಕೂಡಸ್ತೇನಿ" ಎಂದಷ್ಟೇ ಹೇಳಿದರು.

ಮರುದಿನ ಫ್ಯಾಕ್ಟರಿಯ ಅಂಗಳದಲ್ಲಿ ಜನ ಸೇರಿದರು. ನಾನು ಕ್ಯಾಮೆರಾ, ವೈರು, ಬ್ಯಾಟರಿ ಎಲ್ಲ ತಂದಿಟ್ಟು, ಎಲ್ಲರ ಎದುರಿಗೆ ಮುಚ್ಚಳ ಹಾಕಿ ಚಿತ್ರ ತೆಗೆದು ತೋರಿಸಿದೆ. ಕಪ್ಪಿನ ನಡುವೆ ಆ ಬಿಂದು ಅಲ್ಲೂ ಇತ್ತು. ದಾವಲಕ್ಕ ಎದ್ದು ನಿಂತು, "ಇಕಿ ನಮ್ಮ ರೇಷ್ಮಾನ ಮಗಳು. ಆರಿದ ಮನ್ಯಾಗ ಹುಟ್ಟಿದಾಕಿ. ನೋಡ್ರಿ, ಹೆಂಗ ಅದಾಳ. ಇನ್ನ ಮ್ಯಾಲೆ ಯಾರನ್ನೂ ಕಳಿಸಬ್ಯಾಡ್ರಿ" ಎಂದು ಕೂಸನ್ನು ಎತ್ತಿ ತೋರಿಸಿದಳು. ಅಷ್ಟೊಂದು ಮುಖಗಳನ್ನು ಕಂಡು ಕೂಸು ಅತ್ತಿತು.

ಜನ ಸಂತೋಷಪಡುತ್ತಾರೆ ಎಂದು ನಾನು ನಿರೀಕ್ಷಿಸಿದ್ದೆನೇ? ಈಗ ನೆನಪಾಗುವುದಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಎದ್ದು, "ಹಂಗಾದ್ರ ನಮ್ಮ ತಂಗೀನ ಯಾಕ ಕಳಿಸಿದ್ರಿ? ಆಕೀನೂ ಬಸರಿ ಇದ್ಲು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಉತ್ತರ ಕೊಡಬೇಕಾದವಳು ನಾನು. ಆಗ ಹಿಂದಿನಿಂದ ಯಾರೋ, "ಆಕಿ ಹೋದ್ಲು, ಇವ್ರು ಕದ್ದು ಕುಂತ್ರು" ಎಂದರು. ಕದ್ದು ಎಂಬ ಮಾತು ಒಬ್ಬರ ಬಾಯಿಂದ ಒಬ್ಬರಿಗೆ ಹೋಯಿತು. ಹೋದವರ ಅಣ್ಣ, ಹೋದವರ ಅಕ್ಕ, ಹೋದವರ ಬೀಗರು, ಎಲ್ಲರೂ ಅಲ್ಲಿದ್ದರು. ಏನೂ ಆಗುತ್ತಿರಲಿಲ್ಲ ಎಂದು ಒಪ್ಪಿಕೊಂಡರೆ ಅವರು ಅಂದು ಮನೆಗೆ ಹೋಗಿ ಹೇಗೆ ಮಲಗಬೇಕು? ಕೂಸು ಹುಟ್ಟಿದ್ದು ಈಗಷ್ಟೇ, ಮುಂದೆ ಏನಾಗುತ್ತದೋ ಯಾರು ಬಲ್ಲರು ಎಂದರು. ಈ ಸಲ ಬೆಳೆ ಕೆಟ್ಟದ್ದು ಇದಕ್ಕೇ ಎಂದರು. ಬೆಳೆ ಕೆಟ್ಟಿರಲಿಲ್ಲ.

ಅಡವಯ್ಯನವರು ಕೊನೆಗೆ ಎದ್ದರು. "ಹೋದವರಿಗೆ ನಾವು ಏನ ಹೇಳಿ ಕಳಿಸಿದ್ವಿ ಅದನ್ನ ಇವರಿಗೂ ಹೇಳಬೇಕಾಗತೈತಿ" ಎಂದರು. "ಮೂರು ದಿನ." ಹೇಳುವಾಗ ಅವರು ದಾವಲಕ್ಕನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದರು. ಎಂಬತ್ತೆಂಟರದು ಮುಂದಿನ ಅಮಾವಾಸ್ಯೆಯ ಚಿತ್ರ ನೋಡಿ ತೀರ್ಮಾನ, ಕ್ಯಾಮೆರಾ ಇನ್ನು ಮೇಲೆ ಕತ್ತಲೆಯ ಚಿತ್ರವನ್ನೂ ತಪ್ಪದೆ ತೆಗೆಯಬೇಕು, ಬೇಕಾದರೆ ಇನ್ನೊಂದು ಟ್ರಾಕ್ಟರ್ ಬ್ಯಾಟರಿ ಕೊಡೋಣ ಎಂದೂ ಆಯಿತು.

ಮೂರು ದಿನವೂ ನಾನು ದಾವಲಕ್ಕನ ಮನೆಯಲ್ಲೇ ಇದ್ದೆ. ಹಿಂಜಿದ ಹತ್ತಿಯನ್ನು ಚೀಲಕ್ಕೆ ತುಂಬಿದೆ, ಪಾತ್ರೆ ಕಟ್ಟಿದೆ. ಹಿಂಜುವ ಬಿಲ್ಲನ್ನು ಒಯ್ಯುವುದೋ ಬಿಡುವುದೋ ಎಂದು ಅವಳಿಗೂ ಅಳಿಯನಿಗೂ ಜಗಳವಾಯಿತು. ಅಲ್ಲಿ ಹತ್ತಿ ಬೆಳೆಯುತ್ತಾರೋ ಇಲ್ಲವೋ ಯಾರಿಗೆ ಗೊತ್ತು ಎಂದು ಅವನು, ಬೆಳೆಯದ ಊರಾದರೆ ಆ ಊರಿಗೆ ನಾನು ಹೋಗುವುದೇ ಇಲ್ಲ ಎಂದು ಅವಳು. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಅವಳು ಬೈಯಲಿಲ್ಲ. ರೇಷ್ಮಾ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದರೆ ಪಕ್ಕಕ್ಕೆ ತಿರುಗಿಬಿಡುತ್ತಿದ್ದಳು.

ಕೊನೆಯ ದಿನ ಬೆಳಿಗ್ಗೆ ಗಾಡಿಗೆ ಸಾಮಾನು ಹೇರಿದ ಮೇಲೆ ದಾವಲಕ್ಕ ನನ್ನನ್ನು ಪಕ್ಕಕ್ಕೆ ಕರೆದಳು.

"ನಾ ತಪ್ಪ ಮಾಡಿದೆ, ನೀಲಾ. ಖರೇ ಹೇಳಿದ್ರ ಮಂದಿ ಕೇಳ್ತಾರ ಅಂದಕೊಂಡಿದ್ದೆ."

"ತಪ್ಪ ನಂದು."

"ಇರ್ಲಿ ಬಿಡು." ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು, ಒರಟಾಗಿ, ಕೂಸಿನ ಮುಖ ಒರೆಸುವಂತೆ. "ಆ ಸುಳ್ಳ ಚುಕ್ಕಿ ಹನ್ನೊಂದು ತಿಂಗಳ ನಮಗ ಚಲೋ ನಿದ್ದಿ ಕೊಟ್ಟೈತಿ. ಅದರ ಮ್ಯಾಲೆ ನನಗೇನ ಸಿಟ್ಟಿಲ್ಲ."

ಗಾಡಿ ಇಳಿಜಾರಿಗೆ ತಿರುಗುವವರೆಗೆ ನಾನು ನಿಂತಿದ್ದೆ. ಬಾಗಿಲುಗಳ ಹಿಂದೆ ಜನ ನಿಂತು ನೋಡುತ್ತಿದ್ದರು. ಒಬ್ಬರೂ ಹೊರಗೆ ಬರಲಿಲ್ಲ.

ಫಾಲ್ಗುಣದ ಅಮಾವಾಸ್ಯೆ ಬಂತು. ಹೇಳಿದ ಹಾಗೆ ಎರಡು ಬ್ಯಾಟರಿ ಕೊಟ್ಟಿದ್ದರು. ವೈರು ಬಿಗಿದೆ, ಪಟ್ಟಿ ಕಟ್ಟಿದೆ, ಕತ್ತಲೆಯ ಚಿತ್ರ ತೆಗೆಯುವ ರೂಢಿಯನ್ನು ಮತ್ತೆ ಚಾಲೂ ಮಾಡಿದೆ. ಏನೊಂದೂ ತಪ್ಪಲಿಲ್ಲ. ಅಷ್ಟು ಚೊಕ್ಕ ಚಿತ್ರ ನಾನು ಅದಕ್ಕೆ ಮುಂಚೆ ತೆಗೆದಿರಲಿಲ್ಲ. ಬೆಳಿಗ್ಗೆ ನೋಡಿದರೆ ಎಂಬತ್ತೆಂಟರ ಜಾಗ ಖಾಲಿ. ಅದರ ಜೊತೆಗೆ ಹೊಸದಾಗಿ ಇನ್ನೂ ನಾಲ್ಕು ಖಾಲಿ.

ಆ ಐದೂ ಜಾಗಗಳಲ್ಲಿ ನಾನು ಚುಕ್ಕಿ ಇಟ್ಟೆ. ಮದುಮಗಳ ಮುಖದ ಮೊಡವೆ ಅಳಿಸಲು ಕಲಿತ ಕೈ. ಇಲ್ಲದ ಚುಕ್ಕಿ ಇಡುವುದು ಅದಕ್ಕಿಂತ ಸುಲಭ. ಪಕ್ಕದ ಚುಕ್ಕಿಯೊಂದನ್ನು ತೆಗೆದು, ತುಸು ಮಸುಕು ಮಾಡಿ, ಅಂಚು ಮೆತ್ತಗಾಗಿಸಿ ಕೂರಿಸಿದೆ. ದಾವಲಕ್ಕನದು ಸಿಕ್ಕಿಬಿದ್ದದ್ದು ಉಳಿದ ಚುಕ್ಕಿಗಳ ಜೊತೆ ಸರಿಯದೆ ಇದ್ದದ್ದರಿಂದ, ಇವು ಎಲ್ಲದರ ಜೊತೆ ಕೂಡುವಂತೆ ನೋಡಿಕೊಂಡೆ. ಛಾಪಿಸಿ, ತಿಂಗಳ ಚಿತ್ರವನ್ನು ಊರವರು ಬಂದು ನೋಡುವ ಫ್ಯಾಕ್ಟರಿಯ ಹಲಗೆಗೆ ಹಚ್ಚಿದೆ. ಸಂಕಣ್ಣ ಬಂದು ತನ್ನ ಚುಕ್ಕಿಯ ಮೇಲೆ ಬೆರಳಿಟ್ಟು ನೋಡಿ, ನನ್ನನ್ನು ನೋಡಿ, ಮನೆಗೆ ಹೋದ. ತಿಪ್ಪವ್ವ ಇವತ್ತಿಗೂ ಅದೇ ಮನೆಯಲ್ಲಿ, ಅದೇ ಹಾಸಿಗೆಯಲ್ಲಿ ಇದ್ದಾಳೆ. ನೋವು ಕಡಿಮೆಯಾಗಿಲ್ಲ.

ಮುಂದಿನ ತಿಂಗಳಿಂದ ನಾನು ಮಾಳಿಗೆ ಹತ್ತುವುದನ್ನೇ ಬಿಟ್ಟೆ. ಬ್ಯಾಟರಿ ಬಿಚ್ಚಿ ಒಂದನ್ನು ಅಡವಯ್ಯನವರ ಟ್ರಾಕ್ಟರಿಗೆ ಮರಳಿಸಿದೆ. ಅವರು ಯಾಕೆ ಎಂದು ಕೇಳಲಿಲ್ಲ. ಹಳೆಯ ಚಿತ್ರವನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ, ಒಂದು ತಿಂಗಳು ಮಬ್ಬು, ಒಂದು ತಿಂಗಳು ತಿಳಿ ಮಾಡಿ ಛಾಪಿಸುತ್ತಾ ಬಂದೆ. ನಿಜ ಹೇಳಬೇಕೆಂದರೆ ಆಕಾಶದಲ್ಲಿ ಈಗ ಎಷ್ಟು ಉಳಿದಿವೆಯೋ ನನಗೂ ಗೊತ್ತಿಲ್ಲ. ತಲೆ ಎತ್ತಿ ನೋಡುವವರು ನಮ್ಮಲ್ಲಿ ಈಗ ಯಾರೂ ಇಲ್ಲ. ದಾವಲಕ್ಕ ಹೋದ ಮೇಲೆ ಯಾರೂ ಆ ಇಳಿಜಾರು ಇಳಿದಿಲ್ಲ. ಅದೊಂದು ಸಮಾಧಾನವೇ ಎಂದು ನನ್ನನ್ನು ಕೇಳಿದರೆ, ಇದೇ ಕೆಲಸವನ್ನು ನಾನು ಮೊದಲ ಮನೆಗೇ ಮಾಡಬಹುದಿತ್ತಲ್ಲ ಎಂಬುದೇ ನೆನಪಾಗುತ್ತದೆ.

ಪ್ರತಿ ತಿಂಗಳೂ ಹಲಗೆಗೆ ಹಚ್ಚುವ ಮೊದಲು ಹಾಳೆಯ ಮೇಲೆ ಅಡವಯ್ಯನವರ ಸಹಿ ಬೇಕು. ಕನ್ನಡಕ ಹಾಕಿಕೊಳ್ಳದೆಯೇ, "ಎಲ್ಲಾ ಅದಾವಲ್ಲ?" ಎನ್ನುತ್ತಾರೆ. "ಅದಾವ್ರಿ" ಎನ್ನುತ್ತೇನೆ. ಸಹಿ ಮಾಡುತ್ತಾರೆ.

ಹೋದ ತಿಂಗಳು ಹಾಗಾಗಲಿಲ್ಲ. ಅವರು ಕನ್ನಡಕ ತರಿಸಿಕೊಂಡರು. ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಣ್ಣೆ ಹತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಂಡು, ಹಾಳೆಯ ಮೇಲೆ ಒಂದು ಕಡೆ ಇಟ್ಟರು. ಅಲ್ಲಿ ಏನೂ ಇರಲಿಲ್ಲ.

"ಇಲ್ಲೊಂದು ಇಡವ್ವ" ಎಂದರು.

ಅದು ನೂರಾ ನಲವತ್ತರ ಜಾಗ, ಅವರ ತಮ್ಮನ ಮನೆಯದು.

"ಅಯ್ಯಾರ, ಅವರು ಬರೂದಿಲ್ಲ" ಎಂದೆ.

"ನನಗೂ ಗೊತ್ತೈತಿ." ಅವರು ಬೆರಳು ತೆಗೆಯಲಿಲ್ಲ. "ಇಡು."

ಮನೆಗೆ ಬಂದು ಇಟ್ಟೆ. ತುಸು ದೊಡ್ಡದಾಗಿಯೇ ಇಟ್ಟೆ. ಅವರು ಸಹಿ ಮಾಡಿದರು, ನಾನು ಹಲಗೆಗೆ ಹಚ್ಚಿದೆ. ಜನ ಎಂದಿನಂತೆ ಬಂದು ತಮ್ಮ ತಮ್ಮ ಸಂಖ್ಯೆ ಹುಡುಕಿಕೊಂಡರು. ಕೆಲವರು ರೂಢಿಯ ಮೇಲೆ ಎಲ್ಲವನ್ನೂ ಎಣಿಸುತ್ತಾರೆ. ಎಣಿಸಿದವರಿಗೆ ಒಂದು ಹೆಚ್ಚು ಬಂತು. ಮತ್ತೆ ಮೊದಲಿನಿಂದ ಎಣಿಸಿದರು. ಆಮೇಲೆ ಒಬ್ಬೊಬ್ಬರಾಗಿ ಮನೆಗೆ ಹೋದರು.